ಮೊದಲು ಬೂಟು, ಆಮೇಲೆ ನೋಟ

ಹಿಮ ಬೀಳುವ ಕಾಡಿನಲ್ಲಿ ರೆಸಾರ್ಟ್ ಕಟ್ಟಬೇಕು ಅಂತ ಬರುವ ಮಾಲೀಕರ ಮೊಬೈಲಿನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ನೆಲದಿಂದ ಚಾವಣಿವರೆಗೂ ಗಾಜು, ಹೊರಗೆ ಹಿಮ, ಒಳಗೆ ಬೆಂಕಿ. ನನಗೆ ಆ ಫೋಟೋ ಕಂಡರೆ ಆಗುವುದಿಲ್ಲ. ಮೂರು ಪದರದ ಒಳ್ಳೆಯ ಗಾಜು ಹಾಕಿದರೂ, ಚೆನ್ನಾಗಿ ಇನ್ಸುಲೇಷನ್ (ಶಾಖ ಸೋರದಂತೆ ತಡೆಯುವ ಪದರ) ಮಾಡಿದ ಗೋಡೆಗಿಂತ ಐದಾರು ಪಟ್ಟು ಜಾಸ್ತಿ ಶಾಖ ಅದರಿಂದ ಹೊರಗೆ ಹೋಗುತ್ತದೆ. ಮುಂದೆ ಪರಿಸರಸ್ನೇಹಿ ಅಂತ ಬೋರ್ಡು, ಹಿಂದಿನ ಶೆಡ್ಡಿನಲ್ಲಿ ಡೀಸೆಲ್ ಜನರೇಟರ್. ಈ ಕಥೆ ಶುರುವಾಗುವುದು ಅಲ್ಲೇ. ಹಾಸಿಗೆಯ ಎತ್ತರಕ್ಕೆ ಒಂದು ಕಿಟಕಿ ಕೊಟ್ಟರೆ ಸಾಕು, ಮಲಗಿದಲ್ಲೇ ಕಾಡು ಕಾಣುತ್ತದೆ.

ನಾನು ನಕ್ಷೆ ಶುರು ಮಾಡುವುದು ಬಾಗಿಲಿನಿಂದ. ಎರಡು ಬಾಗಿಲು, ನಡುವೆ ಬೂಟು ಬಿಚ್ಚಿಡಲು ಒಂದು ಕೋಣೆ. ಒಂದನ್ನು ಮುಚ್ಚಿದ ಮೇಲೇ ಇನ್ನೊಂದನ್ನು ತೆರೆಯುವಷ್ಟು ಜಾಗ ಬೇಕು. ಇಲ್ಲಿ ಮಾತ್ರ ಜಿಪುಣತನ ಬೇಡ. ಸಂಜೆ ಒಂದು ಗುಂಪು ಒಳಗೆ ಬಂತು ಅಂದುಕೊಳ್ಳಿ. ಬೂಟು, ಗ್ಲೌಸು, ಜಾಕೆಟ್ಟು, ಎಲ್ಲದರಿಂದಲೂ ನೀರು ತೊಟ್ಟಿಕ್ಕುತ್ತಿರುತ್ತದೆ. ಆ ನೀರು ಆವಿಯಾಗಿ ಗೋಡೆಯ ಸಂದುಗಳಿಗೆ ನುಗ್ಗುತ್ತದೆ, ಇನ್ಸುಲೇಷನ್ ಒಳಗೆ ತಣ್ಣಗಾಗಿ ಹೆಪ್ಪುಗಟ್ಟುತ್ತದೆ. ಚಳಿಗಾಲ ಮುಗಿದ ಮೇಲೆ ಕರಗಿ ಮರವನ್ನು ಕೊಳೆಸುತ್ತದೆ. ಅದಕ್ಕೇ ಗೋಡೆಯ ಬೆಚ್ಚಗಿನ ಬದಿಗೆ ಆವಿ ತಡೆಯುವ ಹಾಳೆ ಹಾಕುವುದು. ಸ್ವಿಚ್ ಬಾಕ್ಸಿಗೆ ಅಂತ ಎಲೆಕ್ಟ್ರಿಷಿಯನ್ ಅದರಲ್ಲಿ ಒಂದು ತೂತು ಕೊರೆದು ಹಾಗೇ ಬಿಟ್ಟರೆ ಹಾಳೆ ಹಾಕಿಯೂ ದಂಡ. ಬೂಟಿನ ಕೋಣೆಗೆ ನೆಲದಲ್ಲಿ ನೀರು ಹರಿದುಹೋಗುವ ಜಾಲರಿ ಬೇಕು. ಹೊರಹೋಗುವ ಗಾಳಿಯ ಶಾಖವನ್ನು ಒಳಬರುವ ಗಾಳಿಗೆ ದಾಟಿಸುವ ಯಂತ್ರವೂ ಬೇಕು.

ಚಾವಣಿಯ ಅಂಚಿನಲ್ಲಿ ಸಾಲಾಗಿ ನೇತಾಡುವ ಮಂಜುಗಡ್ಡೆಯ ಕಡ್ಡಿಗಳನ್ನು ಎಲ್ಲರೂ ಚೆಂದ ಅಂತಾರೆ. ನನಗೆ ಕಾಣುವುದು ಸೋರುತ್ತಿರುವ ಶಾಖ. ಒಳಗಿನ ಬಿಸಿಗೆ ಚಾವಣಿಯ ಮೇಲಿನ ಹಿಮ ತಳದಿಂದ ಕರಗುತ್ತದೆ. ನೀರು ತಣ್ಣಗಿರುವ ಅಂಚಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಒಡ್ಡಿನಂತೆ ನಿಲ್ಲುತ್ತದೆ. ಹಿಂದೆ ನಿಂತ ನೀರು ಶೀಟಿನಡಿ ನುಸುಳಿ ಒಳಗೆ ಇಳಿಯುತ್ತದೆ. ಇನ್ನು ಜಾರುವ ಹಿಮ ಎಲ್ಲಿ ಬೀಳುತ್ತದೆ ಅಂತ ಮೊದಲೇ ನೋಡಿಕೊಳ್ಳಿ. ಕುಳಿತು ಗಟ್ಟಿಯಾದ ಹಿಮ ಒಂದು ಘನ ಮೀಟರಿಗೆ 200–300 ಕಿಲೋ ತೂಗುತ್ತದೆ. ಬಾಗಿಲ ಮುಂದೆ ಅದು ಬೀಳಬಾರದು, ಅಲ್ವಾ?

ಸೌರ ಫಲಕಗಳನ್ನು ಉತ್ತರ ಗೋಳಾರ್ಧದಲ್ಲಾದರೆ ದಕ್ಷಿಣದ ಗೋಡೆಗೆ ನೆಟ್ಟಗೆ ನಿಲ್ಲಿಸಿ. ಹಿಮ ಅಂಟುವುದು ಕಡಿಮೆ, ಚಳಿಗಾಲದ ತಗ್ಗಿದ ಸೂರ್ಯ ನೇರ ಸಿಗುತ್ತಾನೆ, ನೆಲದ ಹಿಮದಿಂದ ಚಿಮ್ಮುವ ಬೆಳಕೂ ಸಿಗುತ್ತದೆ. ಬ್ಯಾಟರಿಗಳು ಬೆಚ್ಚಗಿನ ಕೋಣೆಯಲ್ಲೇ ಇರಲಿ. ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತದೆ.

ನಿಜವಾದ ತಲೆನೋವು ನೀರು. ಸುತ್ತ ಎಲ್ಲಿ ನೋಡಿದರೂ ಹಿಮ, ನಲ್ಲಿಯಲ್ಲಿ ಮಾತ್ರ ಏನೂ ಇಲ್ಲ. ಹಿಮ ಕರಗಿಸಲು ಕೂತರೆ ಇಂಧನವೆಲ್ಲ ಅದಕ್ಕೇ ಹೋಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 2,883 ಮೀಟರ್ ಎತ್ತರದಲ್ಲಿ 2009ರಲ್ಲಿ ತೆರೆದ ಮಾಂಟೆ ರೋಸಾ ಹಟ್ ಎಂಬ ಪರ್ವತಾರೋಹಿಗಳ ತಂಗುದಾಣದವರು ಬೇಸಿಗೆಯ ಕೆಲವೇ ತಿಂಗಳು ಸಿಗುವ ಕರಗಿದ ನೀರನ್ನು ಮೇಲಿನ ತೊಟ್ಟಿಯಲ್ಲಿ ಕೂಡಿಡುತ್ತಾರೆ. ಬಳಸಿದ ನೀರನ್ನು ಶುದ್ಧ ಮಾಡಿ ಶೌಚಾಲಯಕ್ಕೆ ಮತ್ತೆ ಹರಿಸುತ್ತಾರೆ. ಆ ಶುದ್ಧೀಕರಣದ ತೊಟ್ಟಿಯೂ ಬೆಚ್ಚಗಿರಬೇಕು, ಚಳಿಯಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳ ಕೆಲಸ ನಿಧಾನ. ಹಾಗಾಗಿ ಮಾಲೀಕರು ಬಂದ ಕೂಡಲೇ ಇಷ್ಟು ಕೋಣೆ ಬೇಕು ಅಂದರೆ ನಾನು ಆ ಸಂಖ್ಯೆಯನ್ನು ಪಕ್ಕಕ್ಕಿಡುತ್ತೇನೆ. ಚಳಿಗಾಲದ ಕೊನೆಯ ವಾರ ತೊಟ್ಟಿಯಲ್ಲಿ ಎಷ್ಟು ನೀರು ಉಳಿದಿರುತ್ತದೆ ಅಂತ ಲೆಕ್ಕ ಹಾಕಲು ಕೂರುತ್ತೇನೆ.