ಆಫೀಸ್ ನುಡಿಗಟ್ಟುಗಳು ಸ್ಪ್ಯಾನಿಷ್‌ಗೆ: ಪಟ್ಟಿ ಎಲ್ಲಿಗೆ ಬಂತು

ಆಫೀಸಿನಲ್ಲಿ ದಿನಾ ಕಿವಿಗೆ ಬೀಳುವ ಇಂಗ್ಲಿಷ್ ನುಡಿಗಟ್ಟುಗಳಿಗೆ ಸ್ಪ್ಯಾನಿಷ್‌ನಲ್ಲಿ ಏನನ್ನುತ್ತಾರೆ ಅಂತ ಬರೆದಿಡುವ ನನ್ನ ಕೆಲಸ ಈಗ ಚೆನ್ನಾಗಿ ಸಾಗಿದೆ. ಸುಲಭದವು ಮುಗಿದಿವೆ. ಬಾಟಲ್‌ನೆಕ್, ಅಂದರೆ ಕೆಲಸ ಸಿಕ್ಕಿಕೊಳ್ಳುವ ಜಾಗ, ಅಲ್ಲೂ ಬಾಟಲಿಯ ಕತ್ತೇ, ‘ಕ್ವೆಯೊ ದೆ ಬೊತೆಯಾ’. ಗ್ಲಾಸ್ ಸೀಲಿಂಗ್, ಅಂದರೆ ಮಹಿಳೆಯರಂಥವರನ್ನು ಮೇಲಿನ ಹುದ್ದೆಗೆ ಏರದಂತೆ ತಡೆಯುವ ಕಾಣದ ಅಡ್ಡಿ, ಅಲ್ಲೂ ಗಾಜಿನ ಚಾವಣಿಯೇ, ‘ತೇಚೊ ದೆ ಕ್ರಿಸ್ತಾಲ್’. ಬ್ರೈನ್‌ಸ್ಟಾರ್ಮಿಂಗ್ ಮಾತ್ರ ಮಳೆಯಾಗುತ್ತದೆ: ‘ಯೂವಿಯಾ ದೆ ಇದೇಯಾಸ್’, ಐಡಿಯಾಗಳ ಮಳೆ. ಬಿರುಗಾಳಿಗಿಂತ ನನಗೆ ಇದೇ ಇಷ್ಟ.

ಜಾಸ್ತಿ ಹೊತ್ತು ಹಿಡಿದದ್ದು ‘ದ ಬಾಲ್ ಈಸ್ ಇನ್ ಯುವರ್ ಕೋರ್ಟ್’. ಇಂಗ್ಲಿಷ್‌ನಲ್ಲಿ ಇದು ಟೆನಿಸ್ ಮಾತು, ಮುಂದಿನ ಹೆಜ್ಜೆ ನಿನ್ನದು ಅಂತ. ಲ್ಯಾಟಿನ್ ಅಮೆರಿಕದಲ್ಲಿ ಚೆಂಡು ‘ಎನ್ ತು ಕಾಂಚಾ’, ಅಂದರೆ ನಿನ್ನ ಅಂಗಳದಲ್ಲಿ. ಸ್ಪೇನ್‌ನಲ್ಲಿ ಅದು ‘ಎನ್ ತು ತೆಹಾದೊ’, ನಿನ್ನ ಮನೆಯ ಹೆಂಚಿನ ಮೇಲೆ! ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ನೋಡಿದರೆ ಇನ್ನೊಂದು ಅರ್ಥ ಸಿಗುತ್ತದೆ. ಚೆಂಡು ಸುಮ್ನೆ ‘ಹೆಂಚಿನ ಮೇಲಿದೆ’ ಅಂದರೆ ಕೆಲಸ ಆಗುತ್ತೋ ಇಲ್ಲವೋ ಇನ್ನೂ ಗೊತ್ತಿಲ್ಲ ಅಂತ. ಹೆಂಚಿನ ಮೇಲಿನ ಚೆಂಡು ಎತ್ತ ಉರುಳುತ್ತೋ ಯಾರಿಗೆ ಗೊತ್ತು, ಅಲ್ವಾ? ‘ನಿನ್ನ’ ಅನ್ನುವುದು ಸೇರಿದಾಗ ‘ಈಗ ನಿನ್ನ ಸರದಿ’ ಅಂತಾಗುತ್ತದೆ. ಇಷ್ಟು ಚಿಕ್ಕ ಪದ ಇಡೀ ಮಾತಿನ ದಿಕ್ಕು ತಿರುಗಿಸುವುದು ನೋಡಿ ನಿಜಕ್ಕೂ ಖುಷಿಯಾಯಿತು.

ಆಮೇಲೆ ಪಟ್ಟಿಯಲ್ಲಿ ಸ್ಪೇನ್‌ಗೆ ಒಂದು, ಲ್ಯಾಟಿನ್ ಅಮೆರಿಕಕ್ಕೆ ಒಂದು ಕಾಲಂ ಮಾಡಿದೆ. ಯಾರ ಹತ್ತಿರ ಆಡಬಹುದು ಅಂತ ಬರೆಯಲು ಮೂರನೆಯದು. ಇದು ಬೇಕೇ ಬೇಕು. ‘ಪಾಸ್ ದ ಬಕ್’ಗೆ ‘ಎಚಾರ್ಲೆ ಎಲ್ ಮುಯೆರ್ತೊ ಆ ಓತ್ರೊ’ ಅಂತಾರೆ, ಹೆಣವನ್ನು ಇನ್ನೊಬ್ಬರ ಮೇಲೆ ಎಸೆಯುವುದು. ಕಾಫಿ ಕುಡಿಯುತ್ತಾ ಸಹೋದ್ಯೋಗಿಗೆ ಹೇಳಲು ಸೊಗಸಾಗಿದೆ. ಗ್ರಾಹಕರಿಗೆ ಕಳಿಸುವ ಮೇಲ್‌ನಲ್ಲಿ ಬೇಡ, ಅಲ್ಲಿ ಜವಾಬ್ದಾರಿ ಬೇರೆಯವರಿಗೆ ದಾಟಿಸಿದರು ಅಂತ ನೇರವಾಗಿ ಬರೆದರೆ ಸಾಕು. ‘ಪೋನ್ತೆ ಲಾಸ್ ಪಿಲಾಸ್’ ಕೂಡ ಹಾಗೇ. ಬ್ಯಾಟರಿ ಹಾಕಿಕೋ, ಅಂದರೆ ಚುರುಕಾಗು. ಗೆಳೆಯರಿಗೆ ಸರಿ, ಬಾಸ್‌ಗೆ ಹೇಳುವ ಮಾತಲ್ಲ.

‘ಲೋ ಹ್ಯಾಂಗಿಂಗ್ ಫ್ರೂಟ್’ನಲ್ಲಿ ಹಣ್ಣನ್ನೇ ಬಿಟ್ಟೆ. ‘ಎಂಪೆಸಾರ್ ಪೊರ್ ಲೊ ಮಾಸ್ ಫಾಸಿಲ್’, ಸುಲಭವಾದದ್ದರಿಂದ ಶುರು ಮಾಡೋಣ ಅಂತಷ್ಟೇ ಬರೆದಿದ್ದೇನೆ. ಮೀಟಿಂಗ್‌ನಲ್ಲಿ ಕೂತವರಿಗೆ ಬೇಕಾಗಿರುವುದು ಮೊದಲು ಯಾವ ಕೆಲಸ ಅನ್ನುವುದು. ಮರ, ಕೊಂಬೆ ಎಲ್ಲ ಹೊತ್ತು ತಂದರೆ ಅವರು ಹಣ್ಣಿನ ಬಗ್ಗೆ ಯೋಚಿಸುತ್ತಾ ಕೂರುತ್ತಾರೆ.

ಸದ್ಯ ಕೈಯಲ್ಲಿರುವುದು ‘ಬರ್ನ್ ದ ಮಿಡ್‌ನೈಟ್ ಆಯಿಲ್’, ಅಂದರೆ ತಡರಾತ್ರಿಯವರೆಗೆ ಕೂತು ಕೆಲಸ ಮಾಡುವುದು. ಇಂಗ್ಲಿಷ್‌ನವರು ಎಣ್ಣೆ ಸುಟ್ಟರೆ ಸ್ಪ್ಯಾನಿಷ್‌ನವರು ಹುಬ್ಬು ಸುಟ್ಟುಕೊಳ್ಳುತ್ತಾರೆ, ‘ಕೆಮಾರ್ಸೆ ಲಾಸ್ ಸೇಹಾಸ್’. ಆದರೆ ಅದು ಹೆಚ್ಚಾಗಿ ಓದುವವರಿಗೆ ಹೇಳುವ ಮಾತು. ರಾತ್ರಿಯೆಲ್ಲ ಕೂತು ರಿಪೋರ್ಟ್ ಮುಗಿಸಿದವರಿಗೆ ಒಪ್ಪುತ್ತಾ ಅಂತ ಉದಾಹರಣೆಗಳನ್ನು ಹುಡುಕುತ್ತಿದ್ದೇನೆ. ಅದಾದ ಮೇಲೆ ‘ಮೂವ್ ದ ಗೋಲ್‌ಪೋಸ್ಟ್ಸ್’, ಗೋಲ್ ಕಂಬ ಸರಿಸುವುದು, ಅಂದರೆ ಕೆಲಸದ ನಡುವೆ ಗುರಿಯನ್ನೇ ಬದಲಿಸುವುದು.