ಬಾಗಿಲು ಹಾಕುವವರು ಯಾರು?

ಕ್ರಾಯ್ಡನ್ (ದಕ್ಷಿಣ ಲಂಡನ್), 13 ಡಿಸೆಂಬರ್ 2016, ಮಂಗಳವಾರ

ಡ್ರೈವರ್‌ಗಳ ಮುಷ್ಕರ. ಇವತ್ತು ದಕ್ಷಿಣ ಇಂಗ್ಲೆಂಡಿನ ರೈಲು ಸೇವೆ ಸದರ್ನ್‌ನವರ ಒಂದೇ ಒಂದು ರೈಲೂ ಓಡಲಿಲ್ಲ. ದಿನಕ್ಕೆ ಸುಮಾರು 2,200 ಗಾಡಿ, ಮೂರು ಲಕ್ಷ ಜನ. ನಾಳೆಯೂ ಇಲ್ಲ, ಶುಕ್ರವಾರವೂ ಇಲ್ಲ. ನಾನು ಮನೆಯಿಂದಲೇ ಕೆಲಸ ಮಾಡಿದೆ. ಮಧ್ಯಾಹ್ನ ಹಾಲು ತರಲು ಹೋದವಳು ಸುಮ್ಮನೆ ಈಸ್ಟ್ ಕ್ರಾಯ್ಡನ್ ನಿಲ್ದಾಣದ ತನಕ ನಡೆದು ನೋಡಿಬಂದೆ. ಇನ್ನೊಂದು ರೈಲು ಸೇವೆ ಥೇಮ್ಸ್‌ಲಿಂಕ್‌ನ ಗಾಡಿಗಳು ಬರುತ್ತಿದ್ದವು, ಹೋಗುತ್ತಿದ್ದವು. ತಮಾಷೆ ನೋಡಿ, ಅವುಗಳಲ್ಲಿ ಗಾರ್ಡ್ ಇಲ್ಲವೇ ಇಲ್ಲ, ಡ್ರೈವರ್ ಒಬ್ಬರೇ. ಎರಡನ್ನೂ ನಡೆಸುವುದು ಒಂದೇ ಕಂಪನಿ.

ಸಂಜೆ ಹುಬ್ಬಳ್ಳಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೇ ಹೇಳಿದೆ. ಅಪ್ಪ ನಿವೃತ್ತ ಗೂಡ್ಸ್ ಗಾರ್ಡ್. ಮುಷ್ಕರ ಅಂದರೆ ಸಾಕು, ಊಟ ಬಿಟ್ಟು ಕೂರುತ್ತಾರೆ.

“ಏನವ್ವಾ ಜಗಳ ಅದು?”

“ಬಾಗಿಲದ ಗುಂಡಿ ಯಾರು ಒತ್ತಬೇಕು ಅಂತ, ಅಪ್ಪಾ.”

ಜೋರಾಗಿ ನಕ್ಕರು. ಆಮೇಲೆ ವಿವರವಾಗಿ ಹೇಳಿದೆ. ಇಲ್ಲಿ ಗಾರ್ಡ್ ಇರುವ ಪ್ಯಾಸೆಂಜರ್ ಗಾಡಿಗಳಲ್ಲಿ ಅವರು ಪ್ಲಾಟ್‌ಫಾರ್ಮ್ ಉದ್ದಕ್ಕೂ ಕಣ್ಣು ಹಾಯಿಸಿ, ಬಾಗಿಲು ಮುಚ್ಚಿ, ಡ್ರೈವರಿಗೆ ಎರಡು ಸಲ ಬಜರ್ ಒತ್ತುತ್ತಾರೆ. ಆಗ ಗಾಡಿ ಹೊರಡುತ್ತದೆ. ಇನ್ನು ಮೇಲೆ ಡ್ರೈವರೇ ತನ್ನ ಮುಂದಿನ ಪರದೆಯಲ್ಲಿ ಕ್ಯಾಮೆರಾ ಚಿತ್ರ ನೋಡಿ ಬಾಗಿಲು ಹಾಕಲಿ, ಗಾರ್ಡ್ “ಆನ್‌ಬೋರ್ಡ್ ಸೂಪರ್‌ವೈಸರ್” ಆಗಿ ಜನರ ನಡುವೆ ಓಡಾಡಿಕೊಂಡು ಟಿಕೆಟ್ ನೋಡಲಿ ಎನ್ನುವುದು ಕಂಪನಿಯ ವಾದ. ಯಾರ ಕೆಲಸವೂ ಹೋಗುವುದಿಲ್ಲ, ಸಂಬಳವೂ ಇಳಿಯುವುದಿಲ್ಲ ಅಂತಲೂ ಹೇಳುತ್ತಾರೆ. ಏಪ್ರಿಲ್‌ನಲ್ಲಿ ಗಾರ್ಡ್‌ಗಳ ಸಂಘ ಆರ್‌ಎಂಟಿ ಮೊದಲ ಮುಷ್ಕರ ಮಾಡಿತು. ಜುಲೈನಲ್ಲಿ ಕಂಪನಿಯವರು ದಿನಕ್ಕೆ 341 ಗಾಡಿಗಳನ್ನು ವೇಳಾಪಟ್ಟಿಯಿಂದಲೇ ತೆಗೆದರು. ಒಪ್ಪಿಕೊಂಡ ಗಾರ್ಡ್‌ಗಳಿಗೆ ತಲಾ 2,000 ಪೌಂಡ್ ಕೊಡುತ್ತೇವೆ ಅಂದರು. ಈಗ ಡ್ರೈವರ್‌ಗಳ ಸಂಘ ಆಸ್ಲೆಫ್ ಕೂಡ “ಆ ಗುಂಡಿ ನಮಗೆ ಬೇಡ” ಅಂತ ಕೂತಿದೆ.

ನಿಜ ಹೇಳಬೇಕೆಂದರೆ ಮೊದಮೊದಲು ನನಗಿದು ತಾಲೂಕು ಕಚೇರಿಯ “ಅದು ನನ್ನ ಟೇಬಲ್ ಅಲ್ಲ, ಪಕ್ಕದ ಟೇಬಲ್” ಥರದ ಜಗಳ ಅನ್ನಿಸಿತ್ತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಂಗಾದ್ರ ಆ ಸೂಪರ್‌ವೈಸರ್ ಡ್ಯೂಟಿಗೆ ಬರಲಿಲ್ಲಂದ್ರ ಗಾಡಿ ಬಿಡ್ತಾರೇನು?”

“ಹೂಂ. ಬಿಡಬಹುದು ಅಂತಾರ.”

“ಮುಗೀತಲ್ಲ. ಗುಂಡಿ ಯಾರ ಕೈಯಾಗ ಇರತೈತೋ ಅವರಿಲ್ಲದ ಗಾಡಿ ಹೊರಡೂದಿಲ್ಲ. ಗುಂಡಿ ಹೋತಂದ್ರ ಇವತ್ತು ಇರತಾನ, ನಾಳೆ ರಜಾ, ನಾಡದ್ದು ಪೋಸ್ಟೇ ಇಲ್ಲ.”

ಎಂಟು ತಿಂಗಳು ಪೇಪರ್ ಓದಿ ನಾನು ತಲುಪದ ಜಾಗಕ್ಕೆ ಅಪ್ಪ ಅರ್ಧ ನಿಮಿಷದಲ್ಲಿ ತಲುಪಿದ್ದರು.

ಕಂಪನಿಯವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಗಾರ್ಡ್ ಬೇರೆಲ್ಲೋ ತಡವಾದ ಗಾಡಿಯಲ್ಲಿ ಸಿಕ್ಕಿಕೊಂಡರೆ, ಜನ ತುಂಬಿದ ಹನ್ನೆರಡು ಬೋಗಿಯ ಗಾಡಿಯನ್ನು ರದ್ದು ಮಾಡಬೇಕೇ? ದಕ್ಷಿಣ ಲಂಡನ್ನಿನ ಸ್ಥಳೀಯ ಗಾಡಿಗಳು ಎಷ್ಟೋ ವರ್ಷಗಳಿಂದ ಗಾರ್ಡ್ ಇಲ್ಲದೇ ಓಡುತ್ತಿವೆ. ಜಗಳವೂ ಹೊಸದಲ್ಲ. 1982ರಲ್ಲಿ ಲಂಡನ್-ಬೆಡ್‌ಫರ್ಡ್ ಮಾರ್ಗಕ್ಕೆ ತಂದ ಹೊಸ ವಿದ್ಯುತ್ ರೈಲುಗಳು ಇದೇ ಕಾರಣಕ್ಕೆ ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಂತಿದ್ದವು.

ಸುರಕ್ಷತೆಯ ವಿಷಯ ಎತ್ತಿದಾಗ ಅಪ್ಪ ಹಳೆಯ ಕಥೆ ತೆಗೆದರು. ಮಳೆಗಾಲದ ರಾತ್ರಿ, ಘಟ್ಟದ ಕಾಡು, ಗೂಡ್ಸ್ ಗಾಡಿ ನಡುವೆ ಕಪ್ಲಿಂಗ್ ಕಳಚಿ ಎರಡು ತುಂಡು. ಗಾಡಿಯ ಕೊನೆಗಿರುವ ಗಾರ್ಡ್ ಬೋಗಿ, ಅಂದರೆ ಬ್ರೇಕ್ ವ್ಯಾನಿನ ಹ್ಯಾಂಡ್ ಬ್ರೇಕ್ ತಿರುಗಿಸಿ, ಟಾರ್ಚ್ ಹಿಡಿದು ಹಿಂದಕ್ಕೆ ಓಡಿದ್ದು. ಹಳಿಯ ಮೇಲೆ 600 ಮೀಟರಿಗೆ ಒಂದು ಪಟಾಕಿ, 1,200 ಮೀಟರಿಗೆ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು. ಹಿಂದಿನಿಂದ ಬರುವ ಗಾಡಿಯ ಗಾಲಿಗೆ ಸಿಕ್ಕು ಸಿಡಿದರೆ ಡ್ರೈವರ್ ನಿಲ್ಲಿಸಬೇಕು. ಈ ಕಥೆಯಲ್ಲಿ ಕಾಡು ವರ್ಷದಿಂದ ವರ್ಷಕ್ಕೆ ದಟ್ಟವಾಗುತ್ತಿದೆ, ಈ ಸಲ ಕರಡಿಯೂ ಬಂತು. ಆದರೆ ಪಟಾಕಿಯ ಲೆಕ್ಕ ಮಾತ್ರ ಒಮ್ಮೆಯೂ ತಪ್ಪಿಲ್ಲ.

“ಗಾರ್ಡ್ ಇದ್ದರೂ ಅಪಘಾತ ಆಗತಾವಲ್ಲಪ್ಪಾ” ಅಂದೆ. 2011ರಲ್ಲಿ ಲಿವರ್‌ಪೂಲ್‌ನ ಜೇಮ್ಸ್ ಸ್ಟ್ರೀಟ್ ನಿಲ್ದಾಣದಲ್ಲಿ ಹುಡುಗಿಯೊಬ್ಬಳು ಬೋಗಿಗೆ ಒರಗಿ ನಿಂತಿದ್ದಾಗಲೇ ಗಾರ್ಡ್ ಹೊರಡಲು ಸೂಚನೆ ಕೊಟ್ಟರು. ಅವಳು ಸತ್ತಳು, ಅವರಿಗೆ ಐದು ವರ್ಷ ಜೈಲಾಯಿತು. ಹೋದ ವರ್ಷ ಪಶ್ಚಿಮ ಲಂಡನ್ನಿನ ಹೇಯ್ಸ್ ಅಂಡ್ ಹಾರ್ಲಿಂಗ್ಟನ್ ನಿಲ್ದಾಣದಲ್ಲಿ, ಡ್ರೈವರ್ ಒಬ್ಬರೇ ಇದ್ದ ಗಾಡಿಯ ಬಾಗಿಲಿಗೆ ಮಹಿಳೆಯೊಬ್ಬರ ಕೈ ಸಿಕ್ಕಿ ಗಾಡಿ ಅವರನ್ನು ಎಳೆದುಕೊಂಡು ಹೋಯಿತು. ಜೀವ ಉಳಿಯಿತು. ಅಪ್ಪ ಉತ್ತರ ಕೊಡಲಿಲ್ಲ. ಜೈಲಿನ ಮಾತು ಬಂದಾಗ ಮಾತ್ರ “ಐದು ವರ್ಷಾ?” ಅಂತ ಇನ್ನೊಮ್ಮೆ ಕೇಳಿದರು.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಈ ಗುತ್ತಿಗೆಯಲ್ಲಿ ಟಿಕೆಟ್ ಹಣವೆಲ್ಲ ಸರ್ಕಾರದ ಸಾರಿಗೆ ಇಲಾಖೆಗೆ ಹೋಗುತ್ತದೆ, ಕಂಪನಿಗೆ ಸಿಗುವುದು ನಡೆಸುವ ಶುಲ್ಕ. ಗಾಡಿ ನಿಂತರೆ ತಪ್ಪುವ ಟಿಕೆಟ್ ಹಣದ ನಷ್ಟ ಖಜಾನೆಗೆ. ಹಾಗಿರುವಾಗ ಜಗಳ ಬೇಗ ಮುಗಿಸಲು ಯಾರಿಗೆ ಅವಸರ?

ಅಷ್ಟರಲ್ಲಿ ಅಮ್ಮ ಫೋನ್ ಕಸಿದುಕೊಂಡಳು. ಡ್ಯೂಟಿ ಸಾಮಾನು ತುಂಬಿದ ಅಪ್ಪನ ಕಬ್ಬಿಣದ ಲೈನ್ ಬಾಕ್ಸನ್ನು ಬ್ರೇಕ್ ವ್ಯಾನಿಗೆ ಹತ್ತಿಸುತ್ತಿದ್ದುದು ಬಾಕ್ಸ್ ಬಾಯ್. “ಅದು ನನ್ನ ಕೆಲಸ ಅಲ್ಲ ಅಂತ ಮೂವತ್ತು ವರ್ಷ ಎತ್ತಲಿಲ್ಲ. ಈಗ ಮನ್ಯಾಗ ನೀರಿನ ಕೊಡಾ ಎತ್ತೋದೂ ಇವರ ಕೆಲಸ ಅಲ್ಲಂತ.”

ಬಾಲಂಗೋಚಿ, ನವೆಂಬರ್ 2017: ಹಳೆಯ ಪುಟಕ್ಕೆ ಇದನ್ನು ಸೇರಿಸುತ್ತಿದ್ದೇನೆ. ಫೆಬ್ರವರಿಯಲ್ಲಿ, ಏಪ್ರಿಲ್‌ನಲ್ಲಿ, ಎರಡು ಸಲ ಮತ ಹಾಕಿ ಒಪ್ಪಂದ ಬೇಡ ಅಂದಿದ್ದ ಡ್ರೈವರ್‌ಗಳು ಮೂರನೆಯ ಸಲ ಒಪ್ಪಿದ್ದಾರೆ. ಐದು ವರ್ಷದಲ್ಲಿ ಸಂಬಳ ಶೇ. 28.5 ಏರುತ್ತದೆ. ಗುಂಡಿ ಅವರಿಗೆ. ಗಾಡಿಯಲ್ಲಿ ಸುರಕ್ಷತೆಯ ತರಬೇತಿ ಪಡೆದ ಎರಡನೆಯವರು ಇರಲೇಬೇಕು, “ಅಸಾಧಾರಣ ಸಂದರ್ಭ”ಗಳನ್ನು ಬಿಟ್ಟು. ಗಾರ್ಡ್‌ಗಳ ಸಂಘ ಇನ್ನೂ ಒಪ್ಪಿಲ್ಲ.

ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ.

“ಅಸಾಧಾರಣ ಅಂದ್ರ ಏನೇನು, ಪಟ್ಟಿ ಐತೇನು?”

“ಐತಿ ಅಪ್ಪಾ.”

“ಎಷ್ಟುದ್ದ ಐತಿ?”