ಜಿಲಿಂಗಮ್‌ನಲ್ಲಿ ಸಿಕ್ಕ ಡೋಜರ್ ಜಾಡು

ಲಂಡನ್ನಿನಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಬ್ರಿಟಿಷ್ ಸೈನ್ಯದ ರಾಯಲ್ ಎಂಜಿನಿಯರ್ಸ್‌ನಲ್ಲಿ ಡೋಜರ್ ಓಡಿಸುತ್ತಿದ್ದವರು. ಅದು ನನಗೆ ಗೊತ್ತಾಗಿದ್ದು ಎರಡು ವರ್ಷ ಆದಮೇಲೆ, ಮಾತಿಗೆ ಮಾತು ಬಂದು. ನಮ್ಮಪ್ಪ ಹೇಮಾವತಿ ನಾಲೆ ಕೆಲಸದಲ್ಲಿ ಬುಲ್ಡೋಜರ್ ಆಪರೇಟರ್ ಆಗಿದ್ದರು ಅಂದೆ. ಗಿಡಕ್ಕೆ ನೀರು ಬಿಡುತ್ತಿದ್ದ ಪೈಪನ್ನು ಅವರು ಕೆಳಗಿಟ್ಟರು.

"ಯಾವ ಮೆಷಿನ್?"

"ಡಿ-80. ಕೆಜಿಎಫ್‌ನಲ್ಲಿ ಬಿಇಎಂಎಲ್‌ನವರು ಮಾಡಿದ್ದು."

"ಮುಂದಿನ ವಾರ ಬಿಡುವು ಮಾಡಿಕೊಳ್ಳಿ. ಒಂದು ಜಾಗ ತೋರಿಸಬೇಕು."

ಹಾಗೆ ಹೊರಟಿದ್ದು ಕೆಂಟ್ ಕಡೆಗೆ. ಸೇಂಟ್ ಪ್ಯಾಂಕ್ರಾಸ್‌ನಲ್ಲಿ ರೈಲು ಹತ್ತಿದೆವು. ಊರಿನ ಹೆಸರನ್ನು ನಾನು ಗಿಲಿಂಗಮ್ ಅಂದುಕೊಂಡಿದ್ದೆ, ಅಲ್ಲಿಯವರು ಜಿಲಿಂಗಮ್ ಅನ್ನುತ್ತಾರೆ. ರೋಚೆಸ್ಟರ್ ಹತ್ತಿರ ರೈಲು ಮೆಡ್ವೇ ನದಿ ದಾಟುವಾಗ ದಡದಲ್ಲಿ ಹಳೆಯ ಕೋಟೆ ಕಾಣುತ್ತದೆ. ಅವರು ಅದನ್ನು ತೋರಿಸಲಿಲ್ಲ. ಆಚೆ ಕೈ ಮಾಡಿ, "ಆ ಕಡೆ ಚಾಟೆಂಡನ್. ನಾನು ಮೊದಲು ಬ್ಲೇಡ್ ಇಳಿಸಿದ್ದು ಅಲ್ಲಿ" ಅಂದರು. ಬ್ಲೇಡ್ ಅಂದರೆ ಡೋಜರ್ ಮುಂದಿನ, ಮಣ್ಣು ತಳ್ಳುವ ಉಕ್ಕಿನ ಹಲಗೆ.

ನಾನು ಬೆಂಗಳೂರಿನ ಕಡೆಯವನು ಅಂತ ಅವರಿಗೆ ಗೊತ್ತು. ಆ ಊರಿನ ಹೆಸರು ಅವರ ಕಿವಿಗೆ ಬಿದ್ದಿದ್ದು ಐಟಿಯಿಂದಲ್ಲ. ಬ್ಯಾಂಗಲೋರ್ ಟಾರ್ಪೆಡೊ ಅಂತ ಒಂದಿದೆ. ಕೊಳವೆಯಲ್ಲಿ ಸಿಡಿಮದ್ದು ತುಂಬಿ, ಒಂದಕ್ಕೊಂದು ಜೋಡಿಸಿ, ಮುಳ್ಳುತಂತಿ ಬೇಲಿಯ ಅಡಿಗೆ ತಳ್ಳಿ ಸಿಡಿಸುವುದು. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಅನ್ನುವ ಸೈನ್ಯದ ಎಂಜಿನಿಯರ್ ಪಡೆಯಲ್ಲಿದ್ದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಮಾಡಿದ್ದು. ಸೈನ್ಯದ ಎಂಜಿನಿಯರ್‌ಗಳಿಗೆಲ್ಲ ಆ ಹೆಸರು ಬಾಯಿಪಾಠ. ಹಲಸೂರು ಕೆರೆ ಪಕ್ಕದಲ್ಲಿ ಅಷ್ಟು ವರ್ಷ ಓಡಾಡಿದ ನನಗೇ ಈ ಕತೆ ಗೊತ್ತಿರಲಿಲ್ಲ.

ಅವರು ತೋರಿಸಬೇಕು ಅಂದಿದ್ದು ಜಿಲಿಂಗಮ್‌ನ ರಾಯಲ್ ಎಂಜಿನಿಯರ್ಸ್ ಮ್ಯೂಸಿಯಂ. ಅಲ್ಲಿ ನೋಡುವುದು ತುಂಬಾ ಇದೆ. ವಾಟರ್‌ಲೂ ಯುದ್ಧಕ್ಕೆ ಮುಂಚೆ ತಯಾರಿಸಿದ ವೆಲಿಂಗ್ಟನ್‌ನ ನಕ್ಷೆ ಇಲ್ಲೇ ಇದೆ. ಆದರೆ ನಮ್ಮ ಹಿರಿಯರು ಅದನ್ನೆಲ್ಲ ಬೇಗ ದಾಟಿಸಿದರು. ಸೈನ್ಯ ಅಂದರೆ ಬಂದೂಕು ಅಂದುಕೊಳ್ಳುತ್ತೇವೆ, ಅಲ್ವಾ? ಬಂದೂಕಿನವರು ಮುಂದೆ ಹೋಗಬೇಕಾದರೆ ಯಾರೋ ದಾರಿ ಮಾಡಬೇಕು. 1944ರಲ್ಲಿ, ಎರಡನೇ ಮಹಾಯುದ್ಧದಾಗ, ಫ್ರಾನ್ಸಿನ ನಾರ್ಮಂಡಿ ಕಡಲತೀರದ ಮರಳಿನ ಮೇಲೆ, ಕ್ಯಾಟರ್‌ಪಿಲ್ಲರ್ ಕಂಪನಿಯ ಡೋಜರ್‌ಗೆ ಉಕ್ಕಿನ ಕವಚ ತೊಡಿಸಿ, ಗುಂಡಿನ ಮಳೆಯಲ್ಲೇ ದಾರಿ ಬಿಡಿಸಿದವರು ಇವರ ಹಿಂದಿನ ತಲೆಮಾರಿನವರು.

ಇವರದು ಫಾಕ್‌ಲ್ಯಾಂಡ್ಸ್, ಬ್ರಿಟನ್ ಮತ್ತು ಅರ್ಜೆಂಟೀನಾ ಕಾದಾಡಿದ ದಕ್ಷಿಣ ಅಟ್ಲಾಂಟಿಕ್ ದ್ವೀಪಗಳು. 1982ರ ಜೂನ್ 14ಕ್ಕೆ ಅಲ್ಲಿ ಯುದ್ಧ ಮುಗಿಯಿತು, ಇವರ ಕೆಲಸ ಆಮೇಲೆ ಶುರು. ಅಲ್ಲಿನ ರಾಜಧಾನಿ ಸ್ಟಾನ್ಲಿಯ ರನ್‌ವೇ 4,100 ಅಡಿ ಇತ್ತು. ಫ್ಯಾಂಟಮ್ ಯುದ್ಧವಿಮಾನಕ್ಕೆ ಅದು ಸಾಲದು. 6,100 ಅಡಿಗೆ ಉದ್ದ ಮಾಡಿ ಅಲ್ಯೂಮಿನಿಯಂ ಹಲಗೆ ಹಾಸಬೇಕಿತ್ತು. ಹಲಗೆ ಹಾಸುವ ಮುಂಚೆ ಕಲ್ಲು ಸುರಿದು ನೆಲ ಮಟ್ಟ ಮಾಡಬೇಕಲ್ಲ, ಇವರ ಪಾಲಿಗೆ ಬಂದಿದ್ದು ಅದು. ಜೂನ್, ಜುಲೈ ಅಲ್ಲಿ ನಡುಚಳಿಗಾಲ. ಲಿವರ್ ಹಿಡಿದ ಬೆರಳು ಬಿಡಿಸಿಕೊಳ್ಳಲು ಇನ್ನೊಂದು ಕೈ ಬೇಕಾಗುತ್ತಿತ್ತಂತೆ.

ಅಲ್ಲಿನ ನೆಲ ಪೀಟ್. ಹುಲ್ಲು, ಗಿಡಗಂಟಿ ಸಾವಿರಾರು ವರ್ಷ ನೀರಲ್ಲಿ ನೆನೆದು ಆದ ಕಪ್ಪು ಮಣ್ಣು. ಒಣಗಿಸಿದರೆ ಒಲೆಗೆ ಸೌದೆ, ಒದ್ದೆಯಿದ್ದರೆ ಸ್ಪಂಜು. ಮೇಲಿನ ಹುಲ್ಲಿನ ಬೇರಿನ ಪದರ ಗಟ್ಟಿಯಿರುವ ತನಕ ಅದು ಗಾಡಿಯ ಭಾರ ತಡೆಯುತ್ತದೆ. ನಿಂತಲ್ಲೇ ಗಾಡಿ ತಿರುಗಿಸಿದರೆ ಚೈನು ಆ ಪದರವನ್ನು ಹರಿದು ಹಾಕುತ್ತದೆ, ಆಮೇಲೆ ಹೂತುಕೊಂಡ ಹಾಗೇ. "ಕಣ್ಣಿಗೆ ಕಾಣುವ ಮುಂಚೆ ಕುಂಡಿಗೆ ಗೊತ್ತಾಗುತ್ತೆ. ಸೀಟು ಸ್ವಲ್ಪ ವಾಲುತ್ತೆ, ಅಷ್ಟೇ" ಅಂದರು. ನಾನು ನಿಂತುಬಿಟ್ಟೆ. ಇದೇ ಮಾತನ್ನು ಅಪ್ಪನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೆ!

ಅದರ ಜೊತೆಗೆ ನೆಲಬಾಂಬಿನ ಭಯ ಬೇರೆ. ಅರ್ಜೆಂಟೀನಾದವರು ಸ್ಟಾನ್ಲಿ ಸುತ್ತಮುತ್ತ ಜಾಸ್ತಿ ಹೂತಿದ್ದರು. ಕೊನೆಯ ನೆಲಬಾಂಬು ತೆಗೆದಿದ್ದು 2020ರ ನವೆಂಬರ್‌ನಲ್ಲಿ. ಸುದ್ದಿ ನೋಡಿದ ರಾತ್ರಿ ಇವರಿಗೆ ನಿದ್ದೆ ಬರಲಿಲ್ಲವಂತೆ.

ಮಧ್ಯಾಹ್ನ ಸ್ಟೇಷನ್ ಹತ್ತಿರದ ಪುಟ್ಟ ಕೆಫೆಯಲ್ಲಿ ಕೂತೆವು. ಅವರು ಸಕ್ಕರೆಯ ನಾಲ್ಕು ಪೊಟ್ಟಣ ಹರಿದು ಮೇಜಿನ ಮೇಲೆ ಸುರಿದರು. ಜೇಬಿನಿಂದ ಬಸ್ ಪಾಸ್ ತೆಗೆದು ನಿಲ್ಲಿಸಿ ಹಿಡಿದರು. ಅದೇ ಬ್ಲೇಡು. ಮೊದಲ ಸಲ ತಳ್ಳಿದಾಗ ಸಕ್ಕರೆ ಎರಡೂ ಬದಿಗೆ ಚೆಲ್ಲಿತು. "ಹೊಸಬರು ಈಗ ಪಕ್ಕಕ್ಕೆ ಸರಿದು ಹೊಸ ಜಾಡು ಹಿಡಿಯುತ್ತಾರೆ. ಹಾಗೆ ಮಾಡಬಾರದು." ಹಿಂದೆ ಬಂದು ಅದೇ ಜಾಡಿನಲ್ಲೇ ಮತ್ತೆ ತಳ್ಳಿದರು. ಚೆಲ್ಲಿದ್ದ ಸಕ್ಕರೆ ಎರಡು ಬದಿಯಲ್ಲಿ ಗೋಡೆಯಾಗಿ ನಿಂತಿತು. ಈ ಸಲ ಒಂದು ಕಾಳೂ ಆಚೆ ಹೋಗಲಿಲ್ಲ, ಎಲ್ಲಾ ಮುಂದಕ್ಕೇ ಹೋಯಿತು.

ಊರಲ್ಲಿ ಆಗ ಸಂಜೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ, ಏನೂ ಹೇಳದೆ ಫೋನನ್ನು ಮೇಜಿನ ಕಡೆ ತಿರುಗಿಸಿದೆ. ಹಿರಿಯರು ಇನ್ನೊಮ್ಮೆ ತಳ್ಳಿ ತೋರಿಸಿದರು.

"ಜಾಡು ಬಿಡ್ತಿಲ್ಲ ನೋಡು. ಆಪರೇಟರ್ರಾ ಅವರು?" ಅಂದರು ಅಪ್ಪ.

ಹೌದು ಅಂದೆ. ಅಪ್ಪ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಅಂಗೈಯನ್ನು ಬ್ಲೇಡಿನ ಹಾಗೆ ಹಿಡಿದು ಒಂದು ತುದಿ ಸ್ವಲ್ಪ ಇಳಿಸಿದರು. ಇತ್ತ ಇವರೂ ಬಸ್ ಪಾಸಿನ ಒಂದು ಮೂಲೆ ಇಳಿಸಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಬರುವುದಿಲ್ಲ. ಒಂದಷ್ಟು ಹೊತ್ತು ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ.

"ಆ ಕೆಸರಲ್ಲಿ ಹೂತ್ಕೊಂಡ್ರೆ ಹೆಂಗೆ ಎತ್ತುತ್ತಿದ್ರಂತೆ, ಕೇಳು" ಅಂದರು ಅಪ್ಪ.

ಚೈನಿನ ಅಡಿಗೆ ಮರದ ದಿಮ್ಮಿ, ಹಿಂದಿನಿಂದ ಇನ್ನೊಂದು ಡೋಜರ್, ನಡುವೆ ಉಕ್ಕಿನ ಹಗ್ಗ. ಹಗ್ಗ ತುಂಡಾದರೆ ತಲೆ ಹಾರುತ್ತದೆ, ಅದಕ್ಕೆ ಯಾರನ್ನೂ ಹತ್ತಿರ ನಿಲ್ಲಿಸುತ್ತಿರಲಿಲ್ಲ ಅಂದರು ಇವರು. ಅಪ್ಪ ಸುಮ್ಮನೆ ತಲೆಯಾಡಿಸಿದರು. ನಾಲೆ ಕೆಲಸದಲ್ಲಿ ಅಂಥದ್ದೊಂದನ್ನು ಅಪ್ಪ ಕಣ್ಣಾರೆ ಕಂಡಿದ್ದಾರೆ ಅಂತ ಅಮ್ಮ ಒಮ್ಮೆ ಹೇಳಿದ್ದಳು.

ಕೆಫೆಯ ಹುಡುಗಿ ಮೇಜು ಒರೆಸಲು ಬಟ್ಟೆ ಹಿಡಿದು ಬಂದಳು. ಹಿರಿಯರು ಸಕ್ಕರೆಯ ಸುತ್ತ ಕೈ ಅಡ್ಡ ಇಟ್ಟು, ಇನ್ನೊಂದು ಐದು ನಿಮಿಷ ಹಾಗೇ ಇರಲಿ ಅಂತ ಕೇಳಿಕೊಂಡರು.